ಪಾದಪೂಜೆಯ ಮಣೆಗೆ ಉಕ್ಕಿನ ಕೋಲು

ಕೈಯಲ್ಲಿ ಡ್ರಿಲ್ ಮಷೀನ್, ಮೊಬೈಲಿನಲ್ಲಿ ವಿಡಿಯೋ, ಜೊತೆಗೆ ಹೆಂಡತಿ ಊರಲ್ಲಿಲ್ಲದ ಒಂದು ಬೆಳಗು. ಇಷ್ಟು ಕೂಡಿಬಂದರೆ ಗಂಡಸಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಎಂದು ನಾನು ನಂಬಿದ್ದೆ. ಈಗ ನಂಬುವುದಿಲ್ಲ.

ಅಂದು ಸಂಜೆ ಅಜ್ಜಂಪುರದ ನಮ್ಮ ಮನೆಗೆ ಮಠದ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ನನ್ನ ಹೆಂಡತಿ ಗಿರಿಜ ಅವಳ ತಾಯಿಯನ್ನು ಕರೆತರಲು ಬೆಳಿಗ್ಗೆಯೇ ಹಿರೇನಲ್ಲೂರಿಗೆ ಹೊರಟಳು. ಹೊಸ್ತಿಲು ದಾಟುವಾಗ ಅಪ್ಪಣೆಯಾಯಿತು.

"ರೀ, ನಾನು ಬರೋ ಹೊತ್ಗೆ ಅಂಗಳ ಉಜ್ಜಿ ತೊಳ್ದಿರ್ಬೇಕು. ಬೇರೆ ಏನೂ ಮುಟ್ಬೇಡಿ. ಬುಕ್ಕಾಂಬುಧಿಯಿಂದ ಅಕ್ಕನೂ ಬತ್ತಾಳೆ. ಅವಳ ಮನೇಲಿ ಹೋದ ಸಲ ಪೂಜೆ ಎಷ್ಟು ಅಚ್ಚುಕಟ್ಟಾಗಿ ಆಯ್ತು, ನೋಡಿದ್ರಲ್ಲ? ನನ್ನ ಮಾನ ಕಳೀಬೇಡಿ."

"ಅಂಗಳ ತಾನೇ? ನೀನು ಹೋಗ್ಬಾ ಕಣೇ," ಎಂದೆ. ಕೊಬ್ಬರಿ ವ್ಯಾಪಾರದಲ್ಲಿ ತಲೆ ನೆರೆಸಿದವನು ಒಂದು ಅಂಗಳಕ್ಕೆ ಹೆದರುತ್ತಾನೆಯೇ!

ಮೊದಲ ಉಜ್ಜಿಗೇ ಪ್ಲಾಸ್ಟಿಕ್ ಬ್ರಷ್ಷು ಲಟ್ಟೆಂದು ಮುರಿಯಿತು. ಆಗ ನೆನಪಾದದ್ದು ಮೂಲೆಯಲ್ಲಿ ಬಿದ್ದಿದ್ದ ಉಕ್ಕಿನ ಕೋಲು. ಬ್ರಷ್ಷಿಗೆ ಹಿಡಿಯಾಗಲೆಂದು ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡದ್ದು. ತುದಿಗೆ ಸ್ಕ್ರೂವಿಗೆ ಇರುವಂಥ ಸುತ್ತುಗೆರೆ, ಅಂದರೆ ಥ್ರೆಡ್ ಇತ್ತು. "ಸ್ಟ್ಯಾಂಡರ್ಡ್ ಸೈಜ್ ಕಣ್ರೀ, ಯಾವ ಬ್ರಷ್ಷಿಗಾದ್ರೂ ತಿರುಗ್ಸಿದ್ರೆ ಕೂತ್ಕೊಳ್ಳುತ್ತೆ," ಎಂದಿದ್ದ ಅಂಗಡಿಯವನು. ಆದರೆ ಈ ವಿಷಯವನ್ನು ಯಾವ ಬ್ರಷ್ಷಿಗೂ ಯಾರೂ ತಿಳಿಸಿರಲಿಲ್ಲ. ಒಂದಕ್ಕೂ ಅದು ಕೂರಲಿಲ್ಲ.

ಸರಿ, ಬ್ರಷ್ಷನ್ನೇ ನಾನು ಮಾಡಿಬಿಟ್ಟರೆ? ಒಂದು ಹಲಗೆ, ಅದರ ಅಡಿಗೆ ಬಡಿಯಲು ತೆಂಗಿನ ನಾರು, ನಡುವೆ ಕೋಲು ಕೂರಲು ಥ್ರೆಡ್ ಇರುವ ಒಂದು ತೂತು. ಮೊಬೈಲಿನಲ್ಲಿ ಹುಡುಕಿದೆ. ಒಬ್ಬ ಮಹಾನುಭಾವ ಸೊಗಸಾಗಿ ಹೇಳಿಕೊಟ್ಟ. ಕೋಲಿಗಿಂತ ಕೂದಲೆಳೆಯಷ್ಟು ಚಿಕ್ಕ ತೂತು ಕೊರೆಯಿರಿ. ಕೋಲಿನ ಥ್ರೆಡ್ಡಿಗೆ ಅರದಿಂದ ಅಡ್ಡಗೆರೆ ಹಾಕಿ ಚೂಪು ಮಾಡಿ. ಒತ್ತಿ ತಿರುಗಿಸಿದರೆ ಕೋಲೇ ಮರ ಕಡಿದುಕೊಂಡು ತನ್ನ ದಾರಿ ಮಾಡಿಕೊಳ್ಳುತ್ತದೆ. ಕೊನೆಗೆ ಏನೋ ಎಚ್ಚರಿಕೆ ಹೇಳುವುದಕ್ಕೆ ಶುರು ಮಾಡಿದ. ಎಚ್ಚರಿಕೆಯೆಲ್ಲ ದಡ್ಡರಿಗೆ ಎಂದು ಬಂದ್ ಮಾಡಿದೆ.

ಹಲಗೆಗೂ ಅಲೆದಾಡಬೇಕಾಗಲಿಲ್ಲ. ಹಿತ್ತಿಲಲ್ಲಿ, ಹಂಡೆ ಒಲೆಯ ಸೌದೆ ಪಕ್ಕದಲ್ಲಿ, ಬಿಸಿಲಿಗೆ ಒಂದು ಹಳೆಯ ಹಲಸಿನ ಹಲಗೆ ಬಿದ್ದಿತ್ತು. ಬೆನ್ನಿಗೆ ಎರಡು ಅಡ್ಡಪಟ್ಟಿ ಬೇರೆ! ನನಗಾಗಿಯೇ ಯಾರೋ ಮಾಡಿಟ್ಟ ಹಾಗಿತ್ತು. ಇಷ್ಟು ಒಳ್ಳೆಯ ಮರವನ್ನು ಸೌದೆಗೆ ಹಾಕುತ್ತಾಳಲ್ಲ ಎಂದು ಗಿರಿಜಳ ಮೇಲೆ ಸಿಟ್ಟೂ ಬಂತು. ಅದು ಇದ್ದಂತೆಯೇ ಡ್ರಿಲ್ ಇಟ್ಟು ಕೊರೆದೆ. ಕೋಲು ಇಟ್ಟು ತಿರುಗಿಸಿದೆ. ಕರಕರ ಎಂದು ಮರ ಕಡಿಯುತ್ತಾ ಕೋಲು ಇಳಿಯಿತು ನೋಡಿ, ಆಹಾ! ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಕೊನೆಯವರೆಗೂ ತಿರುಗಿಸಿದೆ. ಹಲಗೆ ಅಲುಗಲಿಲ್ಲ. ನನ್ನ ಕೈಚಳಕ ನೋಡೋಣವೆಂದು ಎತ್ತಿ ಮಗುಚಿದೆ.

ಇನ್ನೊಂದು ಮುಖದಲ್ಲಿ ಕಮಲ ಕೆತ್ತಿತ್ತು. ಕಮಲದ ನಟ್ಟನಡುವೆ ಕೋಲಿನ ತುದಿ ಇಣುಕುತ್ತಿತ್ತು.

ಅದು ಸೌದೆಯಲ್ಲ, ಮಣೆ! ಗಿರಿಜಳ ತವರಿನ ಪಾದಪೂಜೆಯ ಮಣೆ! ಅವಳ ಮುತ್ತಜ್ಜ ಮಾಡಿಸಿದ್ದು. ಆ ವಂಶದ ಯಾರ ಮನೆಗೆ ಸ್ವಾಮಿಗಳು ಬಂದರೂ ಆ ಮಣೆಯೇ ಅಲ್ಲಿಗೆ ಹೋಗಬೇಕು. ಹಿಂದಿನ ದಿನ ಅವಳ ಅಕ್ಕ ಬುಕ್ಕಾಂಬುಧಿಯಿಂದ ಕಳಿಸಿದ್ದಳು. ಗಿರಿಜ ಅದನ್ನು ತೊಳೆದು, ಕಮಲಕ್ಕೆ ಬಿಸಿಲು ಬಡಿಯದಿರಲಿ ಎಂದು ಕವುಚಿ ಹಾಕಿದ್ದಳು.

ಫೋನು ಬಡಿದುಕೊಂಡಿತು.

"ರೀ, ಬಸ್ಸು ಕಡೂರು ಬಿಡ್ತು. ಅಂಗಳ ಆಯ್ತಾ?"

"ಆ... ಆಗ್ತಾ ಇದೆ."

"ಯಾಕ್ರೀ ಧ್ವನಿ ಹಂಗಿದೆ?"

"ಉಜ್ಜಿ ಉಜ್ಜಿ ಸುಸ್ತು ಕಣೇ."

ಕೋಲನ್ನು ಹಿಂದಕ್ಕೆ ತಿರುಗಿಸಿದೆ. ಜಗ್ಗಲಿಲ್ಲ. ನೀರು ಹಾಕಿದರೆ ಜಾರಬಹುದೆಂದು ಒಂದು ಚೊಂಬು ನೀರು ಸುರಿದೆ. ಹಲಸಿನ ಮರ ನೀರು ಕುಡಿದು ಉಬ್ಬಿತು, ಕೋಲನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ವಿಡಿಯೋದ ಉಳಿದ ಭಾಗ ಹಾಕಿ ನೋಡಿದೆ. "ಅರ್ಧ ಸುತ್ತಿಗೊಮ್ಮೆ ಹಿಂದೆ ತಿರುಗಿಸಿ ಹೊಟ್ಟು ತೆಗೆಯಿರಿ, ಇಲ್ಲದಿದ್ದರೆ ಕೋಲು ಮತ್ತೆ ಬರುವುದಿಲ್ಲ," ಎನ್ನುತ್ತಿದ್ದ ಆ ಪುಣ್ಯಾತ್ಮ. ಇದನ್ನು ಮೊದಲೇ ಹೇಳುವುದಕ್ಕೇನಾಗಿತ್ತು ಅವನಿಗೆ!

ಪಕ್ಕದ ಮನೆಯ ಬಸವರಾಜನನ್ನು ಕೂಗಿದೆ. ಬಂದು ನೋಡಿದ.

"ಇಷ್ಟೇನಾ? ಮೇಲೆ ಕಾಲಿಟ್ಟು ಒತ್ಕೊಂಡು ತಿರುಗ್ಸೋ, ಬರುತ್ತೆ."

"ಕಾಲಾ? ಲೇ, ಸ್ವಾಮಿಗಳು ಪಾದ ಇಡೋ ಮಣೆ ಕಣೋ ಇದು!"

ಬಸವರಾಜ ಹೌಹಾರಿ ಹಿಂದೆ ಸರಿದ, ಚಪ್ಪಲಿ ಬಿಟ್ಟ, ಮಣೆಗೆ ಕೈಮುಗಿದ. ಕಾಲು ತಾಗಿಸುವಂತಿಲ್ಲ, ನೆಲಕ್ಕೆ ಕುಕ್ಕುವಂತಿಲ್ಲ, ಸುತ್ತಿಗೆಯಂತೂ ದೂರದ ಮಾತು. ಕೊನೆಗೆ ನಾನು ಮಣೆಯನ್ನು ಎದೆಗೆ ತಬ್ಬಿಕೊಂಡು ನಿಂತೆ. ಅವನು ಕೋಲು ತಿರುಗಿಸಿದ. ಮಣೆ ತಿರುಗಿತು. ಮಣೆಯ ಜೊತೆ ನಾನೂ ತಿರುಗಿದೆ. ಹಿತ್ತಿಲಲ್ಲಿ ಹೀಗೆ ಸುತ್ತುತ್ತಿರುವಾಗಲೇ ಮತ್ತೆ ಫೋನು. "ಬೀರೂರು ದಾಟಿದ್ವಿ ಕಣ್ರೀ!"

"ಲೇ ಬಸವರಾಜ, ನನ್ನ ಕಥೆ ಮುಗೀತು ಕಣೋ," ಎಂದೆ.

ಅವನು ಗರಗಸ ತಂದ, ಕಬ್ಬಿಣ ಕತ್ತರಿಸುವಂಥದ್ದು. ಬೆನ್ನಿನ ಕಡೆ ಕೋಲನ್ನು ಮಣೆಯ ಮಟ್ಟಕ್ಕೆ ಕತ್ತರಿಸಿದೆವು. ಕಮಲದ ಕಡೆ ಮಾತ್ರ ತುದಿ ಕಡಲೆಕಾಳಿನಷ್ಟು ಎದ್ದೇ ಇತ್ತು. ಅಲ್ಲಿ ಗರಗಸ ಆಡಿಸಿದರೆ ಕೆತ್ತನೆಯೇ ಹೋಗುತ್ತಿತ್ತು, ಅರ ಹಾಕಿ ಉಜ್ಜುವಷ್ಟು ಹೊತ್ತಿರಲಿಲ್ಲ. ಮಣೆಯನ್ನು ನಡುಮನೆಯಲ್ಲಿಟ್ಟು, ಕಮಲ ಮರೆಯಾಗುವಂತೆ ಮೇಲೆ ಪೂಜೆಯ ಹಿತ್ತಾಳೆ ತಟ್ಟೆ ಕೂರಿಸಿ, ತಟ್ಟೆಯ ತುಂಬಾ ಹೂವು ಸುರಿದೆ.

ಗಿರಿಜ ಬಂದಳು. ಹಿಂದೆಯೇ ಅತ್ತೆ, ಅಕ್ಕ. ಅಂಗಳ ಇದ್ದ ಹಾಗೇ ಇತ್ತು. ಗಿರಿಜ ನನ್ನನ್ನು ಒಮ್ಮೆ ನೋಡಿ, ಸೆರಗು ಸಿಕ್ಕಿಸಿ, ತೆಂಗಿನ ಕಡ್ಡಿ ಪೊರಕೆ ಹಿಡಿದು, ಕಣ್ಣುಮುಚ್ಚಿ ತೆಗೆಯುವುದರಲ್ಲಿ ತೊಳೆದು ಮುಗಿಸಿದಳು. ಪೊರಕೆಯಲ್ಲೂ ಆಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆ, "ತಟ್ಟೆ ಸ್ವಲ್ಪ ಎತ್ರಪ್ಪಾ, ಮಣೆಗೆ ರಂಗೋಲಿ ಹಾಕ್ಬೇಕು," ಎಂದರು.

"ಹಾಕಿ ಆಯ್ತು ಅತ್ತೆ! ನಾನೇ ಹಾಕಿದೀನಿ!"

"ನೀವಾ ಅಳಿಯಂದ್ರೆ?" ಅತ್ತೆಯ ಬಾಯಿ ತೆರೆದೇ ಉಳಿಯಿತು. ಅಕ್ಕ ಗಿರಿಜಳ ಮುಖ ನೋಡಿದಳು. ಗಿರಿಜ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಪುಣ್ಯಕ್ಕೆ ಹೊರಗೆ ಸ್ವಾಮಿಗಳ ಕಾರು ನಿಂತಿತು.

ಸ್ವಾಮಿಗಳು ಕುರ್ಚಿಯಲ್ಲಿ ಕೂತು ತಟ್ಟೆಯೊಳಗೆ ಪಾದ ಇಟ್ಟರು. ಟಕ್! ತಟ್ಟೆ ಎಡಕ್ಕೆ ವಾಲಿತು. ಪಾದ ಸರಿಸಿದರು. ಟಕ್! ಬಲಕ್ಕೆ ವಾಲಿತು. ಇನ್ನು ನೀರೆರೆದರೆ ಗತಿಯೇನು? ನಾನು ದಡಕ್ಕನೆ ಮಂಡಿಯೂರಿ ತಟ್ಟೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಗಿರಿಜ ನೀರೆರೆದಳು, ವಿಭೂತಿ ಹಚ್ಚಿದಳು, ಹೂವೇರಿಸಿದಳು. ನನ್ನ ಹಣೆಯ ಬೆವರು ತೊಟ್ಟಿಕ್ಕುತ್ತಿತ್ತು.

"ಏನ್ ಭಕ್ತಿ ಕಣೇ ನಿನ್ನ ಗಂಡಂದು!" ಎಂದಳು ಅಕ್ಕ. ಗಿರಿಜಳ ಮುಖ ಅರಳಿದ್ದನ್ನು ಓರೆಗಣ್ಣಲ್ಲಿ ಕಂಡೆ. ತಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಪೂಜೆ ಮುಗಿಯಿತು. ಸ್ವಾಮಿಗಳು ಪಾದ ತೆಗೆದರು. ನಾನು ತಟ್ಟೆ ಬಿಡಲಿಲ್ಲ.

"ಸಾಕು ಬಿಡಪ್ಪಾ," ಎಂದರು ಸ್ವಾಮಿಗಳು.

"ಇರ್ಲಿ ಬುದ್ಧೀ."

"ಬಿಡ್ರೀ, ಎಲ್ರಿಗೂ ತೀರ್ಥ ಕೊಡ್ಬೇಕು," ಎಂದು ಗಿರಿಜ ತಟ್ಟೆಗೆ ಕೈ ಹಾಕಿದಳು. ನಾನು ಎಳೆದೆ. ಅವಳೂ ಎಳೆದಳು. ಗೆದ್ದವಳು ಅವಳೇ. ತಟ್ಟೆ ಎದ್ದಿತು. ಕೆಳಗೆ ರಂಗೋಲಿಯ ಒಂದು ಚುಕ್ಕಿಯೂ ಇರಲಿಲ್ಲ. ಕಮಲದ ನಡುವೆ ತರೀಕೆರೆಯ ಉಕ್ಕು ಫಳಫಳ ಹೊಳೆಯುತ್ತಿತ್ತು.

ಗಿರಿಜಳ ಕಣ್ಣು ತುಂಬಿಬಂತು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಏನಪ್ಪಾ ಇದು?" ಎಂದರು ಸ್ವಾಮಿಗಳು. ಬ್ರಷ್ಷು, ಕೋಲು, ವಿಡಿಯೋ, ನೀರು, ಬಸವರಾಜ, ಎಲ್ಲವನ್ನೂ ತೊದಲುತ್ತಾ ಒಪ್ಪಿಸಿದೆ. ಮಣೆ ತಬ್ಬಿಕೊಂಡು ಸುತ್ತಿದ್ದಕ್ಕೆ ಬರುವಷ್ಟರಲ್ಲಿ ಸ್ವಾಮಿಗಳು ನಗಲು ಶುರು ಮಾಡಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒರೆಸಿಕೊಳ್ಳುತ್ತಾ, "ಮಠದ ಅಂಗಳಕ್ಕೂ ಒಂದು ಬ್ರಷ್ ಬೇಕಾಗಿತ್ತು ಕಣಪ್ಪಾ, ಮಾಡ್ಕೊಡು. ಹಲಗೆ ಮಾತ್ರ ನಾವೇ ಕೊಡ್ತೀವಿ," ಎಂದರು.

ಕಾರು ಹೋದ ಮೇಲೆ ಅಕ್ಕ ಗಿರಿಜಳ ಕೈ ಹಿಡಿದುಕೊಂಡಳು. "ನಮ್ಮನೇಲಿ ಎಲ್ಲಾ ಅಚ್ಚುಕಟ್ಟಾಗೇ ಆಯ್ತು ಕಣೇ. ಆದ್ರೆ ಸ್ವಾಮಿಗಳು ಒಂದ್ಸಲನೂ ನಗ್ಲಿಲ್ಲ." ಆ ದನಿಯಲ್ಲಿ ಚೂರು ಹೊಟ್ಟೆಕಿಚ್ಚಿತ್ತು. ಗಿರಿಜ ಆಗ ಮೂಗೊರೆಸಿಕೊಂಡು ನನಗೆ ಒಂದು ಲೋಟ ಕಾಫಿ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

ತುದಿ ಕಳೆದುಕೊಂಡ ಆ ಕೋಲು ಈಗಲೂ ಮೂಲೆಯಲ್ಲಿದೆ. ಇಡೀ ತಾಲ್ಲೂಕಿನಲ್ಲಿ ನಾನು ಸರಿಯಾಗಿ ಮಾಡಿದ ಥ್ರೆಡ್ ಇರುವುದು ಒಂದೇ ಕಡೆ, ಆ ಮಣೆಯ ಕಮಲದ ನಡುವೆ. ಗಿರಿಜಳ ವಂಶದಲ್ಲಿ ಯಾರ ಮನೆಗೆ ಸ್ವಾಮಿಗಳು ಬಂದರೂ ಅದಕ್ಕೆ ಹೂವಿಟ್ಟು ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ, ಬಾಗಿಲಾಚೆ ನಿಂತು. ಮಣೆಯ ಹತ್ತಿರ ಬರಬಾರದೆಂದು ಗಿರಿಜಳ ಅಪ್ಪಣೆಯಾಗಿದೆ.