ಅಂಬುಜತ್ತೆಯ ಅರ್ಧ ಲೋಟ

"ಇವತ್ತು ಸರ್ಕಾರಕ್ಕೆ ಅರ್ಧ ಅನ್ನೋದನ್ನ ಕಲಿಸ್ತೀನಿ, ನೋಡ್ತಿರು" ಎಂದು ಪಕ್ಕದ ಮನೆಯ ವಾಮನಮೂರ್ತಿ ಮಾಮ ಮೇಜಿನ ಮೇಲಿನ ಬಟ್ಟೆ ಎಳೆದರು. ಅವರ ರೇಡಿಯೊ ರಿಪೇರಿ ಅಂಗಡಿಯ ಆ ಮೇಜಿನ ಮೇಲೆ ಹೊಲಿಗೆ ಯಂತ್ರದ ಚಕ್ರ, ನಾಲ್ಕು ಏರಿಯಲ್ಲು, ಒಂದು ಕುಕ್ಕರ್ ವೆಯ್ಟು ಸೇರಿ ಏನೋ ಒಂದು ಪ್ರಾಣಿಯ ಹಾಗೆ ಕೂತಿತ್ತು.

"ನನ್ನ ವೆಯ್ಟು ಇಲ್ಲಿದೆಯಾ? ಮೂರು ದಿನದಿಂದ ಬೇಳೆ ಬೆಂದಿಲ್ಲ" ಎಂದರು ಅವರ ಹೆಂಡತಿ ಅಂಬುಜತ್ತೆ.

"ನಿನಗೋಸ್ಕರಾನೇ ಮಾಡಿರೋದು ಕಣೇ."

ಅದು ನಿಜ. ಮೂರು ವರ್ಷದ ಹಿಂದೆ ಸರ್ವಕ್ಷೇಮ ಇಲಾಖೆ ಅತ್ತೆಯ ಹೃದಯವನ್ನು ಪುಕ್ಕಟೆ ರಿಪೇರಿ ಮಾಡಿತು. ಮಾಡಿತು, ಆದರೆ ವಾಪಸು ಕೊಡಲಿಲ್ಲ. ಆರೋಗ್ಯ ನೋಡಿಕೊಳ್ಳಲೆಂದು ಇಲಾಖೆ ಎಲ್ಲರಿಗೂ ಕಟ್ಟಿರುವ ಕೈಪಟ್ಟಿಯಲ್ಲಿ ಅಂದಿನಿಂದ ಅವರದು ಕೆಂಪು ದೀಪ. ಕೆಂಪು ದೀಪದವರಿಗೆ ಹೋಟೆಲಿನಲ್ಲಿ ಕಾಫಿ ಕೊಡುವ ಹಾಗಿಲ್ಲ, ಅಂಗಡಿಯಲ್ಲಿ ಕಾಫಿಪುಡಿ ಮಾರುವ ಹಾಗಿಲ್ಲ. ಆಪರೇಷನ್ ಮಾಡಿದ ಡಾಕ್ಟರು "ಅರ್ಧ ಲೋಟ ಕುಡೀರಮ್ಮ, ಏನಾಗಲ್ಲ" ಎಂದೇ ಹೇಳಿದ್ದರು. ಇಲಾಖೆಯ ಲೆಕ್ಕದಲ್ಲಿ ಒಂದು ಇದೆ, ಸೊನ್ನೆ ಇದೆ, ಅರ್ಧವಿಲ್ಲ.

ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ, ಸಂಜೆ ಐದೂವರೆಗೆ ಅಂಗಡಿ ಬಾಗಿಲೆಳೆದು, ಇಬ್ಬರೂ ಮೂಲೆ ಹೋಟೆಲಿನಲ್ಲಿ ಒಂದು ಬೈ-ಟು ಕಾಫಿ ಹೇಳಿ ಅರ್ಧರ್ಧ ಕುಡಿಯುತ್ತಿದ್ದರು. ಮನೆಯಲ್ಲಿ ಬರೀ ಜಗಳವಾಡುವವರು ಅಲ್ಲಿ ಮಾತ್ರ ನಗುತ್ತಿದ್ದುದನ್ನು ಆಚೆ ಮೇಜಿನಿಂದ ನಾನೇ ನೋಡಿದ್ದೇನೆ. ಈಗ ಐದೂವರೆಯಾದರೆ ಅತ್ತೆ ಕಿಟಕಿಯಲ್ಲಿ ನಿಂತು ಹೋಟೆಲಿನ ಕಡೆಯ ಗಾಳಿ ಮೂಸುತ್ತಾರೆ. ಮಾಮನ ದೀಪ ಹಸಿರೇ. ಆದರೂ ಮೂರು ವರ್ಷದಿಂದ ಅವರೂ ಕುಡಿದಿಲ್ಲ.

"ಇದು ನಮ್ಮಿಬ್ಬರ ಆರೋಗ್ಯ ಸೇರಿಸಿ ಸಮಪಾಲು ಮಾಡುತ್ತೆ" ಎಂದು ಮಾಮ ಚಕ್ರ ತಿರುಗಿಸಿದರು.

ಅತ್ತೆಯ ದೀಪ ಹಸಿರಾಯಿತು! ಅವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಆಮೇಲೆ ಮನೆಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದರು.

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ಇಬ್ಬರೇ ಸಾಕು ಎಂದು ಯಂತ್ರಕ್ಕೆ ಹೇಳುವುದನ್ನು ಮಾಮ ಮರೆತಿದ್ದರು.

ಮೊದಲು ಓಡಿಬಂದವನು ಟೈಲರ್ ಚನ್ನಬಸಪ್ಪ. "ಮೂರ್ತಿಗಳೇ, ಈ ಪಟ್ಟಿ ನೋಡಿ, ನನಗೆ ಏಳು ತಿಂಗಳಂತೆ."

"ಏನು ಏಳು ತಿಂಗಳು?"

"ಎಡಗಡೆ ಮಲಗಬೇಕಂತೆ. ಭಾರ ಎತ್ತಬಾರದಂತೆ."

ಅವನ ಹಿಂದೆಯೇ ಹೂವಿನಂಗಡಿಯ ಬಸುರಿ ನೂರ್‌ಜಾನ್ ಬಂದಳು. "ನನಗೆ ಪ್ರಾಸ್ಟೇಟ್ ತೋರಿಸ್ಕೊಳ್ಳಿ ಅಂತಿದೆ. ಎಲ್ಲಿರುತ್ತೆ ಅಣ್ಣ ಅದು?"

"ಆಫ್ ಮಾಡ್ರೀ" ಎಂದರು ಅತ್ತೆ.

"ನಿನ್ನ ಕುಕ್ಕರ್ ವೆಯ್ಟೇ ಸ್ವಿಚ್ಚು. ಕಾದು ಅಂಟ್ಕೊಂಡಿದೆ."

"ನನ್ನ ವೆಯ್ಟು ಮುಟ್ಟಬೇಡಿ ಅಂತ ಮದುವೆಯಾದಾಗಿನಿಂದ ಹೇಳ್ತಿದೀನಿ."

ಹೋಟೆಲಿನ ಬಾಗಿಲಿಗೆ ಬರುವಷ್ಟರಲ್ಲಿ ಇಡೀ ಗಲ್ಲಿ ನಮ್ಮ ಹಿಂದಿತ್ತು. ಆಂಬುಲೆನ್ಸ್ ಕೂಡ ಬಂತು. ನರ್ಸು ನಲವತ್ತಮೂರು ಕೈಪಟ್ಟಿಗಳನ್ನು ಪರೀಕ್ಷಿಸಿದಳು. ನಲವತ್ತಮೂರರಲ್ಲೂ ಒಂದೇ ನಾಡಿ, ಒಂದೇ ಹೆಸರು: ಅಂಬುಜಾಕ್ಷಿ ವಗೈರೆ. ಅವಳು ಇಲಾಖೆಗೆ ಫೋನು ಮಾಡಿ, ಬಹಳ ಹೊತ್ತು "ಹೂಂ ಸರ್" ಎಂದು, ಕೊನೆಗೆ ನಮ್ಮ ಕಡೆ ತಿರುಗಿದಳು.

"ದಾಖಲೆ ಪ್ರಕಾರ ನೀವೆಲ್ಲ ಒಬ್ಬರೇ ರೋಗಿ. ಸರಾಸರಿ ಚೆನ್ನಾಗಿದೆ, ಹಸಿರು. ದಿನಕ್ಕೆ ಒಂದು ಕಾಫಿ ಕುಡೀಬಹುದು."

"ತಿದ್ದೋಕಾಗಲ್ವೇನಮ್ಮ?" ಎಂದ ಚನ್ನಬಸಪ್ಪ, ಸೊಂಟ ಹಿಡಿದುಕೊಂಡು.

"ಆಗುತ್ತೆ. ರೋಗಿ ಖುದ್ದಾಗಿ ಬಂದು, ಕುರ್ಚಿಯಲ್ಲಿ ಕೂತು, ಒಂದು ಸಹಿ ಹಾಕಬೇಕು."

ಒಂದು ಕುರ್ಚಿಯಲ್ಲಿ ನಲವತ್ತಮೂರು ಜನ ಕೂರುವ ಬಗೆಯನ್ನು ಮಾಮ ಆಗಲೇ ಯೋಚಿಸತೊಡಗಿದ್ದರು. ಅತ್ತೆ ಅವರ ಕೈ ಹಿಡಿದು ಹೋಟೆಲಿನೊಳಗೆ ನಡೆದರು.

"ಒಂದು ಕಾಫಿ, ಭಟ್ರೇ."

"ಬೈ-ಟು ತಾನೆ ಅಮ್ಮ? ಎಷ್ಟು ದಿನ ಆಯ್ತು."

"ಬೈ ನಲವತ್ತಮೂರು."

ಭಟ್ಟರು ಚಮಚದಲ್ಲಿ ಹಂಚಿದರು. ಮಾಮ ತಮ್ಮ ಪಾಲನ್ನು ಅತ್ತೆಯ ಲೋಟಕ್ಕೆ ಸುರಿದರು. ಅತ್ತೆ ಅದನ್ನು ಬಗ್ಗಿಸಿ, ಸರಿಯಾಗಿ ಅರ್ಧ ವಾಪಸು ಹೊಯ್ದರು. ನಕ್ಕರು. ಲೋಟದ ತಳದಲ್ಲಿದ್ದ ಅಷ್ಟನ್ನೇ ಕುಡಿಯಲು ಇಬ್ಬರಿಗೂ ಒಂದು ಗಂಟೆ ಹಿಡಿಯಿತು.

ನನ್ನ ಪಾಲಿಗೆ ನೊರೆ ಬಂತು. ಸಕ್ಕರೆ ಸ್ವಲ್ಪ ಕಡಿಮೆಯಿತ್ತು.