ಅಂಬಾರಾಯರ ದೂರದ ಗುಡ್ಡ

ಶಹಾಬಾದಿನಲ್ಲಿ ಅಂಗಡಿ ಬೋರ್ಡು ಬರೆಯುವ ಅಂಬಾರಾಯರು ಚಹಾದ ಕಪ್ಪನ್ನು ಟಕ್ಕನೆ ಕೆಳಗಿಟ್ಟು ಘನಘೋರ ಪ್ರತಿಜ್ಞೆ ಮಾಡಿದರು.

"ಸೇಡಂದಾಗ ಬೀಗ್ರ ಹೊಸ ಮನಿ ಗ್ವಾಡಿಗೆ ನಾ ಬರದ ಕಾಗಿಣಾ ನದಿನೇ ತೂಗಬೇಕು! ಖರೇ ಆಯಿಲ್ ಪೇಂಟಿಂಗ್! ನೋಡಿದವ್ರು ಚಪ್ಪಲಿ ಬಿಟ್ಟು ನೀರಿಗಿಳೀಬೇಕು!"

ಕಾರಣವಿತ್ತು. ಮಗಳು ಲುಂಬಿನಿಯ ಮಾವ, ಇಂಜಿನಿಯರ್ ರಾಜರತ್ನ, ಮದುವೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಬೀಗ್ರು, ಬೋರ್ಡ್ ಬರೀತಾರ" ಎಂದು ಪರಿಚಯಿಸಿದ್ದರು. ಆ ಮಾತು ಅಂಬಾರಾಯರನ್ನು ಚುಚ್ಚುತ್ತಲೇ ಇತ್ತು. ಈ ಸಲ ಕಲಾವಿದ ಅನ್ನಿಸಿಕೊಳ್ಳದೆ ಸೇಡಂ ಬಿಟ್ಟು ಬರುವ ಆಸಾಮಿಯಲ್ಲ ಅವರು!

ಮೂರು ವಾರದಲ್ಲಿ ನೀರು, ಬಂಡೆ, ಜಾಲಿಗಿಡ ಸೊಗಸಾಗಿ ಮೂಡಿದವು, ಒಣಗಿಯೂ ಒಣಗಿದವು. ಬೀಗರ ಗೃಹಪ್ರವೇಶಕ್ಕೆ ಎರಡೇ ದಿನ ಉಳಿದಾಗ ದೂರದ ಗುಡ್ಡಕ್ಕೆ ಕೈ ಹಾಕಿದರು ನೋಡಿ, ಅಲ್ಲೇ ಕೆಟ್ಟಿತು. ದೂರದ್ದು ಮಸುಕಾಗಿರಬೇಕೆಂದು ಮೊಬೈಲಿನ ವಿಡಿಯೋ ಬಡಕೊಳ್ಳುತ್ತಿತ್ತು. ಆದರೆ ಬಸ್‌ಸ್ಟ್ಯಾಂಡಿನಿಂದಲೇ ಓದಿಸಿಕೊಳ್ಳಬೇಕೆಂದು ನಲವತ್ತು ವರ್ಷ ಬರೆದ ಕೈ ಕೇಳಬೇಕಲ್ಲ! ಗುಡ್ಡಕ್ಕೆ ದಪ್ಪ ಅಂಚು, ಅಂಚಿಗೆ ಕಪ್ಪು ನೆರಳು. ಕಿರಾಣಿ ಅಂಗಡಿಯ ಹೆಸರಿನಷ್ಟೇ ಸ್ಪಷ್ಟ!

ಹೆಂಡತಿ ಸಾಬಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಏನ್ರಿ ಇದು? ಗುಡ್ಡ ನದಿ ದಾಟಿ ನಮ್ಮನಿಗೆ ಊಟಕ್ಕ ಬರಾಕತ್ತದಲ್ರಿ!"

"ಕಲಾ ಅಂದ್ರ ನಿನಗೇನ್ ತಿಳೀತದ? ಮೊದ್ಲು ಒಣಗ್ಲಿ, ಸುಮ್ಕಿರು!"

ಒಣಗಲಿ ಎಂದರಲ್ಲ, ಮರುದಿನ ಅವರು ಸ್ನಾನಕ್ಕೆ ಹೋದಾಗ ಸಾಬಮ್ಮ ಕಿಟಕಿ ತೆರೆದಿಟ್ಟರು. ಕಿಟಕಿಯಾಚೆ ಇದ್ದದ್ದು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನು!

ಅಂಬಾರಾಯರು ಟವೆಲ್ಲಿನಲ್ಲೇ ಓಡಿಬಂದರು. ಚಿತ್ರದ ತುಂಬ ಬೂದು ಧೂಳು! ಊದಿದರು, ಬಟ್ಟೆಯಿಂದ ಝಾಡಿಸಿದರು. ಒಣಗಿದ ನದಿಯ ಮೇಲಿನ ಧೂಳೇನೋ ಹಾರಿತು. ಹಸಿ ಬಣ್ಣದ ಗುಡ್ಡ ಮಾತ್ರ ಅದನ್ನು ಅಪ್ಪಿಕೊಂಡು ಬಿಡಲೊಲ್ಲದು.

"ನನ್ನ ಮಾನ ಕಳದಿ!" ಎಂದವರಿಗೆ ಕಣ್ಣಲ್ಲಿ ನೀರೇ ಬಂತು. ಬೇರೆ ಉಡುಗೊರೆಗೆ ವೇಳೆಯೆಲ್ಲಿ? ಅದನ್ನೇ ತೊಡೆಯ ಮೇಲಿಟ್ಟುಕೊಂಡು ಸೇಡಂ ಬಸ್ಸಿನಲ್ಲಿ ಕೂತರು.

ರಾಜರತ್ನ ಚಿತ್ರವನ್ನು ಗೋಡೆಗೆ ಒರಗಿಸಿದರು. ಹಿಂದೆ ಸರಿದು ನೋಡಿದರು, ಕನ್ನಡಕ ಒರೆಸಿ ನೋಡಿದರು.

"ವಾಹ್ ಬೀಗ್ರೆ! ಗುಡ್ಡ ಎಷ್ಟು ದೂರ ಹೋಗ್ಯದ! ನಸುಕಿನ ಮಂಜು ಖರೇನೇ ಬಿದ್ದಂಗ ಅದ. ನೀವು ಭಾಳ ದೊಡ್ಡ ಕಲಾವಿದ್ರು ಬಿಡ್ರಿ! ಹ್ಯಾಂಗ ಮಾಡಿದ್ರಿ ಇದು?"

ಅಂಬಾರಾಯರ ಎದೆ ಗೇಣು ಉಬ್ಬಿತು. "ಅದು ಹೇಳಿದ್ರ ತಿಳಿಯೂದಲ್ರಿ. ನಲವತ್ತು ವರ್ಷದ ಸಾಧನಾ..."

"ಎಲ್ಲೀ ಸಾಧನಾ? ನಾ ಕಿಡಕಿ ತೆಗದಿದ್ದೆ, ಕಲ್ಲಿನ ಧೂಳ ಕುಂತದ," ಎಂದರು ಸಾಬಮ್ಮ.

ರಾಜರತ್ನ ನಕ್ಕು ನಕ್ಕು ಸೋಫಾದ ಮೇಲೆ ಬಿದ್ದರು.

"ಹಂಗಾದ್ರ ಮ್ಯಾಲಿನ ಖೋಲಿಗೂ ಒಂದು ಬೇಕ್ರಿ! ನದಿ ನಮ್ಮ ಬೀಗ್ರು ಬರೀಲಿ. ಗುಡ್ಡ ಮಾತ್ರ ನೀವೇ ಮಾಡ್ರಿ, ಬೀಗತಿಯವ್ರೆ!"