ಬೇಸಿನ್ನು ಕೊಟ್ಟ ಪ್ರತಿಕ್ರಿಯೆ

ಒಂದೇ ತಿಂಗಳಲ್ಲಿ ಎಂಬತ್ತು ಕೆಜಿಗೆ ಇಳಿದು ತೋರಿಸುತ್ತೇನೆಂದು ಮನೆಯವಳೆದುರು ಶಪಥ ಮಾಡಿದ್ದೆ. ಅಂಥಿಂಥ ಶಪಥವಲ್ಲ, ಮೇಜು ಗುದ್ದಿ ಮಾಡಿದ ಶಪಥ! ಗೆದ್ದರೆ ನನ್ನ ಚಹಾಕ್ಕೆ ಸಕ್ಕರೆ ವಾಪಸ್ಸು. ಸೋತರೆ ವರ್ಷವಿಡೀ ಸಪ್ಪೆ ಚಹಾ.

ಗಡುವಿನ ದಿನ ಬೆಳಿಗ್ಗೆ ಕೋಣೆಯಲ್ಲಿ ಮಗಳು ವಿಜ್ಞಾನದ ಪಾಠ ಉರು ಹೊಡೆಯುತ್ತಿದ್ದಳು: "ಒಂದು ವಸ್ತು ಇನ್ನೊಂದನ್ನು ಒತ್ತಿದರೆ ಅದು ಕ್ರಿಯೆ. ಆ ಇನ್ನೊಂದು ಅಷ್ಟೇ ಬಲದಿಂದ ತಿರುಗಿ ಒತ್ತಿದರೆ ಅದು ಪ್ರತಿಕ್ರಿಯೆ. ಎರಡೂ ಬೇರೆ ಬೇರೆ ವಸ್ತುಗಳ ಮೇಲೆ."

"ಏನೇ ಅದು? ನಾನು ಕೈತೊಳೆಯೋ ಬೇಸಿನ್ನನ್ನ ಕೆಳಕ್ಕೆ ಒತ್ತಿದ್ರೆ, ಅದು ನನ್ನನ್ನ ಮೇಲಕ್ಕೆ ಒತ್ತುತ್ತಾ?"

"ಹೂಂ ಅಪ್ಪಾ. ಅಷ್ಟೇ ಜೋರಾಗಿ."

"ಅದಕ್ಕೆ ಕೈಯೇ ಇಲ್ವಲ್ಲೇ!"

"ಕೈ ಯಾಕೆ? ನೀನು ಒತ್ತಿದ್ರೆ ಸಾಕು."

ತಲೆಬುಡ ತಿಳಿಯಲಿಲ್ಲ. ಆದರೆ ಲಾಭ ತಿಳಿಯಿತು!

ತೂಕದ ಯಂತ್ರವನ್ನು ಬೇಸಿನ್ನಿನ ಪಕ್ಕಕ್ಕೇ ಎಳೆದು ಏರಿ ನಿಂತೆ. ಮುಳ್ಳು ನನಗೆ ಕಾಣುವುದಿಲ್ಲ, ನಡುವೆ ಹೊಟ್ಟೆ ಅಡ್ಡ. ಹಾಗಾಗಿ ಓದುವ ಅಧಿಕಾರ ಮನೆಯವಳದು. ಅವಳು ಬಗ್ಗಿದಳು. ನಾನು ಏನೂ ಅರಿಯದವನಂತೆ ಬೇಸಿನ್ನಿನ ಮೇಲೆ ಕೈಯೂರಿದೆ.

"ಎಂಬತ್ತೆರಡು..."

ಇನ್ನಷ್ಟು ಒತ್ತಿದೆ.

"ಎಂಬತ್ತು! ಅರೆ, ಎಪ್ಪತ್ತೆಂಟು! ರೀ, ನಿಂತಲ್ಲೇ ಕರಗ್ತಿದ್ದೀರಲ್ರೀ!"

ಅಷ್ಟಕ್ಕೇ ಸುಮ್ಮನಿರಬಾರದೇ? ಅವಳ ಮೆಚ್ಚುಗೆ ನೆತ್ತಿಗೇರಿತು. ಎಪ್ಪತ್ತೈದು ಮಾಡಿಯೇ ಬಿಡೋಣವೆಂದು ಮೈಭಾರವನ್ನೆಲ್ಲ ಹೇರಿದೆ. ಲಟಕ್! ಬೇಸಿನ್ನು ಗೋಡೆಯಿಂದ ಕಿತ್ತು ಬಂತು. ಕಾಲ ಮೇಲೆ ಬೀಳದಿರಲೆಂದು ಎಳೆಗೂಸಿನಂತೆ ಎದೆಗವಚಿಕೊಂಡೆ. ಮುರಿದ ಪೈಪಿನಿಂದ ನೀರು ಮುಖಕ್ಕೇ ಚಿಮ್ಮಿತು.

"ತೊಂಬತ್ತೆಂಟು!" ಎಂದು ಚೀರಿದಳು ಮನೆಯವಳು.

ಮಗಳು ಓಡಿ ಬಂದಳು. "ಇದೇನೇ ಅನ್ಯಾಯ? ಇಷ್ಟು ಹೊತ್ತು ನನ್ನನ್ನ ಮೇಲಕ್ಕೆ ಒತ್ತುತ್ತಿತ್ತಲ್ಲೇ!" ಎಂದೆ.

"ಈಗ ನೀನು ಅದನ್ನ ಮೇಲಕ್ಕೆ ಎತ್ತಿದ್ದೀಯ, ಅದು ನಿನ್ನನ್ನ ಕೆಳಕ್ಕೆ ಒತ್ತುತ್ತಿದೆ."

ಬೇಸಿನ್ನಿಗೆ ಇಷ್ಟೊಂದು ಬುದ್ಧಿ ಯಾವಾಗ ಬಂತೋ ನನಗಂತೂ ಹೊಳೆಯಲಿಲ್ಲ.

ಮನೆಯವಳು ಅದನ್ನು ಕಿತ್ತುಕೊಂಡು ಕೆಳಗಿಟ್ಟಳು. ಮತ್ತೆ ಬಗ್ಗಿದಳು. "ಎಂಬತ್ತಾರು! ಹೋದ ತಿಂಗಳು ಎಂಬತ್ತೈದಿತ್ತು! ಆಫೀಸಿನ ಕ್ಯಾಂಟೀನಲ್ಲಿ ಏನೇನು ಕ್ರಿಯೆ ನಡೆಸಿದ್ರೋ, ಪ್ರತಿಕ್ರಿಯೆ ಇಲ್ಲಿ ಕಾಣ್ತಿದೆ!"

ತೊಯ್ದು ತೊಪ್ಪೆಯಾಗಿ ಮಗಳತ್ತ ತಿರುಗಿದೆ. "ನೀನೇ ಹೇಳೇ, ಎರಡೂ ಬೇರೆ ಬೇರೆ ವಸ್ತುಗಳ ಮೇಲಲ್ವಾ? ತಿಂದವನೂ ನಾನೇ, ಉಬ್ಬಿದವನೂ ನಾನೇ. ಅದು ಹೇಗೆ ಸರಿ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸರಿಯಾಗೇ ಇದೆಯಲ್ಲಪ್ಪಾ. ನೀನೀಗ ಇಬ್ಬರಷ್ಟಿದ್ದೀಯ!"